ಸ್ಕ್ಯಾನರ್ ಹೇಳಿದ್ದು, ಮೀಟರ್ ಕಂಡದ್ದು

ಪೆಟ್ರೋಲ್ ಕಾರು ಇಟ್ಟುಕೊಂಡ ಬಹಳಷ್ಟು ಜನರಿಗೆ ಯಾವುದಾದರೊಂದು ಮಳೆಗಾಲದಲ್ಲಿ ಇದು ಆಗಿಯೇ ಇರುತ್ತದೆ. ಸಿಗ್ನಲ್‌ನಲ್ಲಿ ನಿಂತ ಕಾರು ಸಣ್ಣಗೆ ನಡುಗುತ್ತದೆ. ಏರು ಹತ್ತಿಸುವಾಗ ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆಯುತ್ತದೆ, ಪಿಕಪ್ ಇರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿನ ಹುಡುಗ ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ, ಪರದೆ ನೋಡಿ, 'ಮಿಸ್ಸಿಂಗ್ ಹೊಡೀತಿದೆ ಸಾರ್, ಕಾಯಿಲ್ ಹೋಗಿದೆ' ಅನ್ನುತ್ತಾನೆ. ಹೊಸ ಕಾಯಿಲ್ ಬರುತ್ತದೆ, ಬಿಲ್ಲೂ ಬರುತ್ತದೆ. ಅರ್ಧಕ್ಕರ್ಧ ಸಲ ಕಾರು ಸರಿಹೋಗುವುದೂ ಉಂಟು. ಉಳಿದ ಸಲ ವಾರದೊಳಗೆ ಅದೇ ನಡುಕ, ಅದೇ ದೀಪ.

ಹುಡುಗ ಸುಳ್ಳು ಹೇಳಿದನೆಂದಲ್ಲ. ಪರದೆಯ ಮೇಲಿದ್ದದ್ದನ್ನು ಅರ್ಧ ಓದಿ ಹೇಳಿದ, ಅಷ್ಟೆ. ಅಲ್ಲಿ ಪಿ0352 ಅಂತ ಬಂದಿದ್ದರೆ ಅದರ ಪೂರ್ತಿ ಪಾಠ 'ಇಗ್ನಿಷನ್ ಕಾಯಿಲ್ ಬಿ, ಪ್ರೈಮರಿ ಅಥವಾ ಸೆಕೆಂಡರಿ ಸರ್ಕ್ಯೂಟ್' ಎಂದು. ಕೊನೆಯ ಪದ ಸರ್ಕ್ಯೂಟ್. ಫ್ಯೂಸಿನಿಂದ ರಿಲೇ, ರಿಲೇಯಿಂದ ವೈರು, ವೈರಿನಿಂದ ಅದರ ತುದಿಯ ಸಿಕ್ಕಿಸುವ ಕೊಂಡಿಯಾದ ಕಪ್ಲರ್, ಕಪ್ಲರಿನಿಂದ ಕಾಯಿಲ್, ಅಲ್ಲಿಂದ ಅರ್ಥ್, ಜೊತೆಗೆ ಇಸಿಎಂ ಎಂಬ ಎಂಜಿನ್ ಕಂಪ್ಯೂಟರಿನಿಂದ ಬರುವ ಸಿಗ್ನಲ್ ತಂತಿ, ಇಷ್ಟೂ ಸೇರಿ ಒಂದು ಸರ್ಕ್ಯೂಟ್. ಇಷ್ಟರಲ್ಲಿ ಕಾಯಿಲ್ ಒಂದು ಭಾಗ ಮಾತ್ರ. ಬಿಚ್ಚಲು ಸುಲಭ, ಅಂಗಡಿಯಲ್ಲಿ ಡಬ್ಬಿಯಲ್ಲೇ ಸಿಗುತ್ತದೆ, ಹಾಗಾಗಿ ತಪ್ಪೆಲ್ಲ ಅದರ ತಲೆಗೇ ಕಟ್ಟುವುದು ರೂಢಿಯಾಗಿದೆ.

ಈ ಕಾಯಿಲ್ ಏನು ಮಾಡುತ್ತದೆ ಅನ್ನುವುದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು. ಬ್ಯಾಟರಿ ಕೊಡುವುದು 12 ವೋಲ್ಟ್. ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಇರುವ ಸುಮಾರು ಒಂದು ಮಿಲಿಮೀಟರ್ ಸಂದಿಯನ್ನು, ಅದೂ ಸಿಲಿಂಡರಿನೊಳಗೆ ಒತ್ತಿ ತುಂಬಿದ ಗಾಳಿ ಮತ್ತು ಪೆಟ್ರೋಲ್ ಹನಿಗಳ ನಡುವೆ, ಕಿಡಿ ದಾಟಬೇಕಾದರೆ ಸಾವಿರಾರು ವೋಲ್ಟ್ ಬೇಕು. ಕಾಯಿಲ್‌ನೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ. ಪ್ರೈಮರಿಯಲ್ಲಿ ದಪ್ಪ ತಾಮ್ರದ ತಂತಿ ನೂರಾರು ಸುತ್ತು, ಸೆಕೆಂಡರಿಯಲ್ಲಿ ಕೂದಲಿಗಿಂತ ತೆಳುವಾದ ತಂತಿ ಅದರ ಸುಮಾರು ನೂರು ಪಟ್ಟು ಸುತ್ತು. ಪ್ರೈಮರಿಗೆ ಎರಡರಿಂದ ನಾಲ್ಕು ಮಿಲಿಸೆಕೆಂಡ್ ಕರೆಂಟ್ ಹರಿಸಿದರೆ ಅದು ಏರುತ್ತಾ ಏಳೆಂಟು ಆಂಪಿಯರ್ ಮುಟ್ಟುತ್ತದೆ, ತಿರುಳಿನ ಸುತ್ತ ಕಾಂತಕ್ಷೇತ್ರ ಬೆಳೆಯುತ್ತದೆ. ಆಗ ಥಟ್ಟನೆ ಕರೆಂಟ್ ಕತ್ತರಿಸಬೇಕು. ರಭಸವಾಗಿ ಹರಿಯುವ ನಲ್ಲಿಯನ್ನು ಒಮ್ಮೆಲೇ ತಿರುಗಿಸಿ ಮುಚ್ಚಿದರೆ ಪೈಪಿನೊಳಗೆ ದಡ್ ಎಂದು ಹೊಡೆತ ಬೀಳುತ್ತದಲ್ಲ, ಹಾಗೆಯೇ ಇಲ್ಲಿಯೂ. ಪ್ರೈಮರಿಯಲ್ಲೇ ಮುನ್ನೂರು ನಾನ್ನೂರು ವೋಲ್ಟಿನ ಹೊಡೆತ ಏಳುತ್ತದೆ, ಸೆಕೆಂಡರಿಯಲ್ಲಿ ಅದು ನೂರು ಪಟ್ಟಾಗುತ್ತದೆ. ಕಿಡಿ ಹುಟ್ಟುವುದು ಕರೆಂಟ್ ಕೊಟ್ಟಾಗ ಅಲ್ಲ, ತೆಗೆದಾಗ.

ಹಾಗೆಂದು ಪ್ರತಿ ಸಲವೂ ಮೂವತ್ತು ನಲವತ್ತು ಸಾವಿರ ವೋಲ್ಟ್ ಏಳುವುದಿಲ್ಲ. ಪ್ಲಗ್ಗಿನ ಸಂದಿ ದಾಟಲು ಎಷ್ಟು ಬೇಕೋ ಅಷ್ಟಕ್ಕೆ ಏರಿ ಕಿಡಿಯಾಗಿ ಮುಗಿಯುತ್ತದೆ. ಕಾರು ಸುಮ್ಮನೆ ನಿಂತು ಎಂಜಿನ್ ಓಡುತ್ತಿರುವಾಗ ಸಿಲಿಂಡರಿನೊಳಗೆ ಒತ್ತಡ ಕಡಿಮೆ, ಕಡಿಮೆ ವೋಲ್ಟೇಜಿನಲ್ಲಿ ಕೆಲಸ ಆಗುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ತುಳಿದಾಗ ಗಾಳಿ ಹೆಚ್ಚು ಬರುತ್ತದೆ, ಒತ್ತಡ ಏರುತ್ತದೆ, ಕಿಡಿ ದಾಟುವುದು ಕಷ್ಟವಾಗುತ್ತದೆ. ದುರ್ಬಲ ಕಾಯಿಲ್, ಸವೆದ ಪ್ಲಗ್, ಅರ್ಧ ತುಂಡಾದ ವೈರು, ಇವೆಲ್ಲ ತಮ್ಮ ಬಣ್ಣ ತೋರಿಸುವುದು ಆಗಲೇ. ಗ್ಯಾರೇಜಿನ ಸಮತಟ್ಟು ನೆಲದಲ್ಲಿ ನೆಟ್ಟಗೆ ಓಡುವ ಕಾರು ಘಾಟಿಯಲ್ಲಿ ಮುಗ್ಗರಿಸುವುದಕ್ಕೆ ಇದೇ ಕಾರಣ. ಆದ್ದರಿಂದ ಮೆಕ್ಯಾನಿಕ್ಕಿಗೆ ಕಾರು ಒಪ್ಪಿಸುವಾಗ 'ಮಿಸ್ಸಿಂಗ್ ಇದೆ' ಎಂದಷ್ಟೇ ಹೇಳಬೇಡಿ. ಯಾವಾಗ, ಎಂಜಿನ್ ಬಿಸಿಯಾದ ಮೇಲೋ ತಣ್ಣಗಿದ್ದಾಗಲೋ, ಎಸಿ ಹಾಕಿದಾಗಲೋ, ಮಳೆಯಲ್ಲೋ, ಎಲ್ಲವನ್ನೂ ಹೇಳಿ. ಅರ್ಧ ಪತ್ತೇದಾರಿಕೆ ಅಲ್ಲೇ ಮುಗಿದಿರುತ್ತದೆ.

ಬ್ಯಾಟರಿ, ಕಾಯಿಲ್, ಕರೆಂಟ್ ಕತ್ತರಿಸುವ ಪಾಯಿಂಟ್ ಎಂಬ ಈ ಏರ್ಪಾಟನ್ನು ಕಾರಿಗೆ ತಂದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಮೊದಲು ಬಂತು. ನಮ್ಮ ಅಂಬಾಸಿಡರ್, ಪದ್ಮಿನಿಗಳ ಕಾಲದವರೆಗೂ ಅದರ ಸ್ವರೂಪ ಹೆಚ್ಚೇನೂ ಬದಲಾಗಲಿಲ್ಲ. ಒಂದೇ ಕಾಯಿಲ್, ಅದರ ಕರೆಂಟನ್ನು ಸರದಿಯಂತೆ ನಾಲ್ಕು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರ್. ಆ ಕಾಲದ ಡ್ರೈವರುಗಳು ಜೇಬಿನಲ್ಲಿ ಎಮೆರಿ ಕಾಗದದ ಚೂರು ಇಟ್ಟುಕೊಂಡು, ಕಾರು ನಿಂತಲ್ಲೇ ಪಾಯಿಂಟ್ ಉಜ್ಜಿ ಮುಂದೆ ಹೋಗುತ್ತಿದ್ದರು. ಬೆಂಗಳೂರಿಗೂ ಈ ಕಿಡಿಗೂ ಹಳೆಯ ನಂಟಿದೆ. 1951ರಲ್ಲಿ ಶುರುವಾದ ಮೈಕೋ ಕಂಪನಿ, ಅಂದರೆ ಈಗಿನ ಬಾಷ್, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸುತ್ತಿತ್ತು. ಮೈಕೋ ಪ್ಲಗ್ ಎಂಬ ಹೆಸರು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಬೇರೆ ಕಂಪನಿಯ ಪ್ಲಗ್ ಕೊಟ್ಟರೂ ಜನ ಅದನ್ನೇ ಕೇಳುತ್ತಿದ್ದರು.

ಈಗಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರೂ ಇಲ್ಲ, ಉದ್ದನೆಯ ಪ್ಲಗ್ ವೈರೂ ಇಲ್ಲ. ಪ್ರತಿ ಪ್ಲಗ್ಗಿನ ತಲೆಯ ಮೇಲೆ ಒಂದೊಂದು ಕಾಯಿಲ್ ಕೂತಿರುತ್ತದೆ. ಮೂರು ಸಿಲಿಂಡರಿಗೆ ಮೂರು, ನಾಲ್ಕಕ್ಕೆ ನಾಲ್ಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ಕಾಯಿಲ್ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ಅದೂ ಎಂಜಿನ್ನಿನ ನೆತ್ತಿಯ ಮೇಲೆ, ಕುದಿಯುವ ಬಿಸಿಯಲ್ಲಿ ಕೂತು. ಇಷ್ಟು ದುಡಿಸಿಕೊಂಡರೂ ಅದು ವರ್ಷಗಟ್ಟಲೆ ಬಾಳುತ್ತದೆ ಅನ್ನುವುದೇ ನನಗೆ ಅಚ್ಚರಿ. ಕೆಲವು ಕಾರುಗಳಲ್ಲಿ ಎರಡು ಸಿಲಿಂಡರಿಗೆ ಒಂದು ಕಾಯಿಲ್ ಎಂಬ ಜೋಡಿ ವ್ಯವಸ್ಥೆಯೂ ಇದೆ. ಅಂಥ ಕಾರಿನಲ್ಲಿ ಒಂದು ಮತ್ತು ನಾಲ್ಕು, ಇಲ್ಲವೇ ಎರಡು ಮತ್ತು ಮೂರು ಜೊತೆಜೊತೆಗೇ ಮಿಸ್ ಹೊಡೆದರೆ ಅನುಮಾನ ನೇರವಾಗಿ ಆ ಜೋಡಿಯ ಕಾಯಿಲ್ ಮೇಲೆ ಹೋಗಬೇಕು.

ಸ್ಕ್ಯಾನರ್ ಕೊಡುವ ಕೋಡುಗಳಲ್ಲಿ ಎರಡು ಗುಂಪನ್ನು ಬೇರೆಬೇರೆಯಾಗಿ ನೋಡುವುದು ಮುಖ್ಯ. ಪಿ0301, ಪಿ0302 ಎಂದು ಬರುವವು ಒಂದು ಗುಂಪು, ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ ಆದದ್ದನ್ನು ಹೇಳುವವು. ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಪಿ0300 ಬಂದರೆ ಯಾವ ಸಿಲಿಂಡರ್ ಎಂದು ನಿಖರವಿಲ್ಲ, ಅಲ್ಲೊಂದು ಇಲ್ಲೊಂದು ಮಿಸ್ ಆಗುತ್ತಿದೆ ಎಂದರ್ಥ. ಇಲ್ಲಿ ಇಸಿಎಂ ವಿದ್ಯುತ್ತನ್ನು ಅಳೆದೇ ಇಲ್ಲ. ಕ್ರ್ಯಾಂಕಿನ ವೇಗ ನೋಡಿದೆ. ಪ್ರತಿ ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಗೆ ಒಂದು ತಳ್ಳು ಸಿಗುತ್ತದೆ, ವೇಗ ಒಂದಿಷ್ಟು ಏರುತ್ತದೆ. ಎರಡನೆಯದರ ಸರದಿಯಲ್ಲಿ ಆ ತಳ್ಳು ಬರಲಿಲ್ಲ, ಹಾಗಾಗಿ ಪಿ0302. ಕಿಡಿ ಬಾರದಿದ್ದರೂ ತಳ್ಳು ಇಲ್ಲ, ಇಂಜೆಕ್ಟರ್ ಕಟ್ಟಿಕೊಂಡಿದ್ದರೂ ಇಲ್ಲ, ವಾಲ್ವ್ ಸುಟ್ಟು ಕಂಪ್ರೆಷನ್ ಹೋಗಿದ್ದರೂ ಇಲ್ಲ. ಈ ಕೋಡ್ ಒಂದನ್ನೇ ನೋಡಿ ಕಾಯಿಲ್ ತರಿಸುವವನು ಲಾಟರಿ ಆಡುತ್ತಿದ್ದಾನೆ.

ಪಿ0351, ಪಿ0352, ಪಿ0353 ಎಂಬುವು ಇನ್ನೊಂದು ಗುಂಪು. ಇಲ್ಲಿ ಇಸಿಎಂ ವಿದ್ಯುತ್ತನ್ನೇ ಗಮನಿಸಿದೆ. ಕಾಯಿಲ್‌ನೊಳಗೆ ಕರೆಂಟ್ ಕತ್ತರಿಸುವ ಸ್ವಿಚ್ ಇರುವ ಕೆಲವು ಕಾರುಗಳಲ್ಲಿ, ಪ್ರತಿ ಸಲ ಕೆಲಸ ಮುಗಿದ ಮೇಲೆ ಕಾಯಿಲ್ ಒಂದು ಮರುಸಂಕೇತ ಕಳಿಸುತ್ತದೆ. ಅದು ಬಾರದಿದ್ದರೆ ಕೋಡ್. ಸ್ವಿಚ್ ಇಸಿಎಂ ಒಳಗೇ ಇರುವ ಕಾರುಗಳಲ್ಲಿ ಪ್ರೈಮರಿಯಲ್ಲಿ ಕರೆಂಟ್ ಏರಿತೇ, ಕತ್ತರಿಸಿದಾಗ ಮೇಲೆ ಹೇಳಿದ ಮುನ್ನೂರು ವೋಲ್ಟಿನ ಹೊಡೆತ ಕಂಡಿತೇ ಎಂದು ನೋಡುತ್ತದೆ. ಪ್ಲಗ್ಗಿನ ಕಡೆಯ ಸಣ್ಣಪುಟ್ಟ ಸೋರಿಕೆ, ಕಾಯಿಲ್ ತುದಿಯಲ್ಲಿ ಪ್ಲಗ್ಗನ್ನು ಮುಚ್ಚಿ ಹಿಡಿಯುವ ರಬ್ಬರ್ ಬೂಟಿನ ಬಿರುಕು, ಇಂಥವು ಬಹಳ ಸಲ ಈ ಗುಂಪಿನ ಕೋಡ್ ಎಬ್ಬಿಸುವುದೇ ಇಲ್ಲ. ಆದ್ದರಿಂದ ಬರೀ ಪಿ0302 ಇದ್ದರೆ ಮೊದಲು ಪ್ಲಗ್, ಬೂಟ್, ಇಂಜೆಕ್ಟರ್ ಕಡೆ ನೋಡಿ. ಪಿ0352 ಜೊತೆಗಿದ್ದರೆ ಪ್ರೈಮರಿ ಕಡೆಗೆ, ಅಂದರೆ ಸಪ್ಲೈ, ಅರ್ಥ್, ಸಿಗ್ನಲ್, ಕಪ್ಲರ್, ಕಾಯಿಲ್ ಒಳಗಿನ ಸ್ವಿಚ್ ಇವುಗಳ ಕಡೆಗೆ ತಿರುಗಿ. ಬಹಳಷ್ಟು ಗ್ಯಾರೇಜುಗಳಲ್ಲಿ ಈ ಒಂದು ವಿಂಗಡಣೆಯನ್ನೂ ಮಾಡುವುದಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆಗೆ ಸ್ಕ್ಯಾನರ್ ಜೊತೆ ಒಂದು ಸ್ಪ್ಯಾನರ್ ಸಾಕು, ಖರ್ಚು ಶೂನ್ಯ. ಅನುಮಾನ ಇರುವ ಎರಡನೇ ಸಿಲಿಂಡರಿನ ಕಾಯಿಲ್ ತೆಗೆದು ಒಂದಕ್ಕೆ ಹಾಕಿ, ಒಂದರದ್ದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ, ಅದೇ ಏರು, ಅದೇ ಗೇರಿನಲ್ಲಿ ಓಡಿಸಿ. ಕೋಡ್ ಈಗ ಒಂದನೇ ಸಿಲಿಂಡರಿಗೆ ಹೋಗಿದ್ದರೆ ಕಾಯಿಲ್ ಕೆಟ್ಟದ್ದು ಖಚಿತ, ಧೈರ್ಯವಾಗಿ ಹೊಸದು ತನ್ನಿ. ಕೋಡ್ ಎರಡರಲ್ಲೇ ಉಳಿದಿದ್ದರೆ ಕಾಯಿಲ್ ನಿರಪರಾಧಿ. ಮಿಸ್ ಮಾತ್ರ ಉಳಿದಿದ್ದರೆ ಪ್ಲಗ್ಗನ್ನೂ ಹೀಗೆಯೇ ಅದಲುಬದಲು ಮಾಡಿ ನೋಡಬಹುದು. ಒಂದೇ ಸಲ ಎರಡನ್ನೂ ಬದಲಿಸಬಾರದು, ಯಾವುದರಿಂದ ಏನಾಯಿತು ತಿಳಿಯುವುದಿಲ್ಲ.

ಮೀಟರ್ ಹಿಡಿದು ಕಾಯಿಲ್‌ನ ಓಮ್ ಅಳೆಯುವ ಪದ್ಧತಿ ಹಳೆಯ ಕಾಯಿಲ್‌ಗಳಿಗೆ ಒಪ್ಪುತ್ತಿತ್ತು. ಪ್ರೈಮರಿ ಒಂದೆರಡು ಓಮ್ ಒಳಗೆ, ಸೆಕೆಂಡರಿ ಕೆಲವು ಸಾವಿರ ಓಮ್. ಹೊಸ ಕಾಯಿಲ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಎಲೆಕ್ಟ್ರಾನಿಕ್ ಸ್ವಿಚ್ ಇರುವುದರಿಂದ ಪಿನ್ನುಗಳ ನಡುವೆ ಸುರುಳಿ ಸಿಗುವುದೇ ಇಲ್ಲ, ಮೀಟರ್ ಏನೇನೋ ತೋರಿಸುತ್ತದೆ. ಸಿಕ್ಕರೂ ಪೂರ್ತಿ ನಂಬುವ ಹಾಗಿಲ್ಲ. ಮೀಟರ್ ಒಳಗಿನ ಪುಟ್ಟ ಬ್ಯಾಟರಿಯ ವೋಲ್ಟೇಜಿಗೆ ತಡೆದುಕೊಳ್ಳುವ ಇನ್ಸುಲೇಷನ್ ಇಪ್ಪತ್ತು ಸಾವಿರ ವೋಲ್ಟಿಗೆ ಒಡೆದು ಹೋಗಬಹುದು. ತಣ್ಣಗಿದ್ದಾಗ ಕೂಡಿಕೊಂಡಿರುವ ಕೂದಲೆಳೆಯ ತಂತಿ ಬಿಸಿಗೆ ಹಿಗ್ಗಿದಾಗ ಬಿಟ್ಟುಕೊಳ್ಳಬಹುದು. ಓಮ್ ತಪ್ಪು ತೋರಿಸಿದರೆ ಕಾಯಿಲ್ ಕೆಟ್ಟಿದೆ ಅನ್ನಬಹುದು. ಸರಿ ತೋರಿಸಿತೆಂದು ಕಾಯಿಲ್ ಚೆನ್ನಾಗಿದೆ ಅನ್ನುವ ಹಾಗಿಲ್ಲ.

ಕಾಯಿಲ್ ನಿರಪರಾಧಿ ಎಂದಾದ ಮೇಲೆ ನಿಜವಾದ ಕೆಲಸ ಶುರು. ಕಪ್ಲರಿನಲ್ಲಿ ಎಷ್ಟು ತಂತಿ ಇವೆ ಎಣಿಸಿ. ಎರಡಿದ್ದರೆ ಒಂದು 12 ವೋಲ್ಟ್ ಸಪ್ಲೈ, ಇನ್ನೊಂದು ಇಸಿಎಂ ಕಡೆ ಹೋಗುವುದು. ಮೂರಿದ್ದರೆ ಸಪ್ಲೈ, ಅರ್ಥ್, ಸಿಗ್ನಲ್. ನಾಲ್ಕನೆಯದು ಮರುಸಂಕೇತದ ತಂತಿ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಹಾಗಾಗಿ ಆ ಕಾರಿನ ವೈರಿಂಗ್ ನಕ್ಷೆ ಕೈಯಲ್ಲಿರಬೇಕು. ಕೆಂಪು ಎಂದರೆ ಸಪ್ಲೈ, ಕಪ್ಪು ಎಂದರೆ ಅರ್ಥ್ ಎಂಬ ಊಹೆಯ ಮೇಲೆ ಹೋದವರು ಇಸಿಎಂ ಸುಟ್ಟುಕೊಂಡಿದ್ದಾರೆ.

ಸಪ್ಲೈ ನೋಡುವುದು ಎಲ್ಲರಿಗೂ ಗೊತ್ತು. ಕೀ ಆನ್ ಮಾಡಿ, ಮೀಟರಿನ ಕೆಂಪು ಕಡ್ಡಿ ಕಪ್ಲರಿನ ಪಿನ್ನಿಗೆ, ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ. 12.3 ಬಂತು. 'ಕರೆಂಟ್ ಬರ್ತಿದೆ ಸಾರ್, ವೈರಿಂಗ್ ಓಕೆ.' ನಾನು ಕಂಡಂತೆ ಅತಿ ಹೆಚ್ಚು ಜನ ಎಡವುವ ಜಾಗ ಇದೇ. ಮೀಟರ್ ಎಳೆದುಕೊಳ್ಳುವ ಕರೆಂಟ್ ಲೆಕ್ಕಕ್ಕೇ ಬಾರದಷ್ಟು ಅತ್ಯಲ್ಪ. ಹತ್ತಾರು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ 12 ತೋರಿಸುತ್ತದೆ. ಆದರೆ ಕಾಯಿಲ್ ಏಳೆಂಟು ಆಂಪಿಯರ್ ಕೇಳುತ್ತದೆ. ಆ ಒಂದು ಎಳೆ ಅದನ್ನು ಹೊರಲಾರದು.

ಹಾಸನದಲ್ಲಿ ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಇದನ್ನು ಪತ್ತೆ ಮಾಡಿದ ರೀತಿಯನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಸಕಲೇಶಪುರದಲ್ಲಿ ಮೇಷ್ಟ್ರಾಗಿರುವ ನನ್ನ ಗೆಳೆಯನ ಮೂರು ಸಿಲಿಂಡರ್ ಕಾರು ಅದು. ಬೇರೆಡೆ ಕಾಯಿಲ್ ಎರಡು ಸಲ ಬದಲಾಗಿತ್ತು, ಪ್ಲಗ್ ಎಲ್ಲವೂ ಹೊಸವು. ಘಾಟಿ ಹತ್ತುವಾಗ ಪಿ0352 ಮತ್ತೆ ಮತ್ತೆ ಬರುತ್ತಿತ್ತು. ಮೇಸ್ತ್ರಿ ಮೊದಲು ಕಾಯಿಲ್ ಅದಲುಬದಲು ಮಾಡಿ, ಒಂದು ಸುತ್ತು ಹೋಗಿ ಬಂದು, ಕೋಡ್ ಕದಲಿಲ್ಲ ಎಂದು ಖಚಿತ ಮಾಡಿಕೊಂಡರು. ಆಮೇಲೆ ಎರಡನೇ ಕಪ್ಲರ್ ಬಿಚ್ಚಿ ಮೀಟರ್ ಇಟ್ಟರು, 12.3. ಗೆಳೆಯ, 'ನೋಡಿ, ಎಲ್ಲರೂ ಇದನ್ನೇ ಹೇಳ್ತಾರೆ' ಅಂದ. ಅವರು ಮಾತಾಡದೆ ಡಬ್ಬಿಯಿಂದ ಹೆಡ್‌ಲೈಟಿನ 55 ವ್ಯಾಟ್ ಬಲ್ಬೊಂದನ್ನು ತೆಗೆದು, ಎರಡು ತುಂಡು ವೈರಿನಿಂದ ಸಪ್ಲೈ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಕೂರಿಸಿದರು. ಬಲ್ಬ್ ಬೆಳ್ಳಗೆ ಉರಿಯಬೇಕಿತ್ತು. ಕೆಂಪಗೆ, ಮಂಕಾಗಿ ಹೊತ್ತಿತು. ಮೀಟರಿನ ಅಂಕಿ ಏಳು ವೋಲ್ಟಿನ ಹತ್ತಿರಕ್ಕೆ ಕುಸಿಯಿತು. ಅದೇ ಬಲ್ಬನ್ನು ಒಂದು ಮತ್ತು ಮೂರನೇ ಕಪ್ಲರಿಗೆ ಇಟ್ಟಾಗ ಕಣ್ಣು ಕೋರೈಸುವಷ್ಟು ಬೆಳಕು.

ಇಷ್ಟರಲ್ಲಿ ಜಾಗ ಗೊತ್ತಾಗಿ ಹೋಗಿತ್ತು. ಫ್ಯೂಸು, ರಿಲೇ ಸರಿ ಇಲ್ಲದಿದ್ದರೆ ಮೂರೂ ಕಡೆ ಬಲ್ಬ್ ಮಂಕಾಗಬೇಕಿತ್ತು. ಮೂರು ಕಾಯಿಲ್‌ಗೂ ಸಪ್ಲೈ ಕವಲೊಡೆಯುವ ಜಾಯಿಂಟಿನಿಂದ ಎರಡನೇ ಕಪ್ಲರಿನವರೆಗಿನ ತುಂಡಿನಲ್ಲೇ ದೋಷ ಇರಬೇಕು. ವೈರಿಂಗ್ ಕಿಟ್ಟಿನ ಟೇಪ್ ಬಿಚ್ಚಿ, ಬೆರಳಲ್ಲಿ ತಡವುತ್ತಾ ಹೋಗಿ, ಕಪ್ಲರಿನಿಂದ ನಾಲ್ಕು ಬೆರಳು ದೂರದಲ್ಲಿ ಕೈ ನಿಲ್ಲಿಸಿದರು. ಹೊರಗಿನ ಪ್ಲಾಸ್ಟಿಕ್ ಮೇಲೆ ಸೂಜಿಯ ಮೊನೆಯಷ್ಟು ರಂಧ್ರ. ಸೀಳಿ ನೋಡಿದರೆ ಒಳಗೆ ತಾಮ್ರ ಇರಬೇಕಾದ ಕಡೆ ಹಸಿರು ಪುಡಿ, ನಡುವೆ ಎರಡು ಮೂರು ಎಳೆ. 'ಯಾರೋ ಕರೆಂಟ್ ಇದೆಯಾ ನೋಡೋಕೆ ಪಿನ್ ಚುಚ್ಚಿದ್ದಾರೆ ಸಾರ್. ಆ ತೂತಲ್ಲಿ ನೀರಿಳಿದಿದೆ' ಅಂದರು. ಕಾಯಿಲೆ ಹುಡುಕಲು ಹೋದವರೇ ಕಾಯಿಲೆ ಹಚ್ಚಿದ್ದರು. ಮೇಸ್ತ್ರಿ ಹಸಿರು ಬಿಟ್ಟ ಭಾಗವನ್ನು ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ವೈರ್ ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ ಮುಗಿಸಿದರು. ಖರ್ಚಾದದ್ದು ಗೇಣುದ್ದ ವೈರು.

ವೈರಿಗೆ ಪಿನ್ ಚುಚ್ಚುವುದು ನಮ್ಮ ಗ್ಯಾರೇಜುಗಳ ಬಹಳ ಕೆಟ್ಟ ಅಭ್ಯಾಸ. ಕಪ್ಲರಿನ ಹಿಂಬದಿಯಿಂದ, ವೈರು ಒಳಹೋಗುವ ರಬ್ಬರಿನ ಪಕ್ಕದಲ್ಲಿ ತೆಳು ಕಡ್ಡಿ ತೂರಿಸಿದರೆ ಪಿನ್ನು ಮುಟ್ಟಬಹುದು, ಇನ್ಸುಲೇಷನ್ನಿಗೆ ಗಾಯವಾಗುವುದಿಲ್ಲ. ಕಪ್ಲರಿನ ಮುಂಬದಿಯ ತೂತಿಗೆ ದಪ್ಪ ಕಡ್ಡಿ ತುರುಕುವುದೂ ಅಷ್ಟೇ ಅಪಾಯ. ಒಳಗಿನ ಹಿಡಿತ ಅಗಲವಾಗಿ ಲೂಸ್ ಕಾಂಟ್ಯಾಕ್ಟ್ ಶುರುವಾಗುತ್ತದೆ.

ಬಲ್ಬ್ ಪರೀಕ್ಷೆಗೆ ಒಂದು ಲಕ್ಷ್ಮಣರೇಖೆ ಇದೆ. ಅದನ್ನು ಸಪ್ಲೈ ಮತ್ತು ಅರ್ಥ್ ತಂತಿಗಳಿಗೆ ಮಾತ್ರ ಇಡಬೇಕು. ಇಸಿಎಂನಿಂದ ಬರುವ ಸಿಗ್ನಲ್ ತಂತಿಗೆ ಅಪ್ಪಿತಪ್ಪಿಯೂ ಇಡಬಾರದು. ಅಲ್ಲಿನ ಪುಟ್ಟ ಟ್ರಾನ್ಸಿಸ್ಟರ್ ಬಲ್ಬಿನ ಭಾರ ಹೊರುವುದಿಲ್ಲ.

ಅರ್ಥ್ ಕಡೆಯನ್ನು ನೋಡುವುದು ಇನ್ನೂ ಸುಲಭ, ಆದರೆ ನೋಡುವವರು ಕಡಿಮೆ. ಕಪ್ಲರ್ ಹಾಕಿದ್ದಂತೆಯೇ, ಎಂಜಿನ್ ಓಡುತ್ತಿರುವಾಗ, ಮೀಟರಿನ ಒಂದು ಕಡ್ಡಿ ಕಾಯಿಲ್‌ನ ಅರ್ಥ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. 0.1 ವೋಲ್ಟಿನ ಒಳಗೆ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಮೇಲೇರುತ್ತಿದ್ದರೆ ಎಲ್ಲೋ ಬೋಲ್ಟ್ ಸಡಿಲ, ತುಕ್ಕು, ಇಲ್ಲವೇ ಪೇಂಟಿನ ಮೇಲೆ ಕೂರಿಸಿದ ಅರ್ಥಿಂಗ್. ಎಂಜಿನ್ ಬಿಚ್ಚಿ ಕೂಡಿಸಿದ ಮೇಲೆ ಶುರುವಾದ ಮಿಸ್ಸಿಂಗ್ ಆದರೆ ಇದನ್ನೇ ಮೊದಲು ನೋಡಿ. ಬಿಟ್ಟುಹೋದ ಒಂದು ಅರ್ಥ್ ಬೋಲ್ಟಿನಿಂದಾಗಿ ಜನ ಇಸಿಎಂವರೆಗೆ ಹೋಗಿದ್ದಾರೆ.

ಸಿಗ್ನಲ್ ತಂತಿಯಲ್ಲಿ ಸಾಮಾನ್ಯ ಮೀಟರ್ ಮೋಸ ಮಾಡುತ್ತದೆ. ಒಳಗೆ ಸ್ವಿಚ್ ಇರುವ ಕಾಯಿಲ್‌ಗೆ ಇಸಿಎಂ ಕಳಿಸುವುದು ಸುಮಾರು 5 ವೋಲ್ಟಿನ ಚಿಕ್ಕ ಮಿಡಿತ. ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ನಿಂತು ಓಡುವಾಗ 150 ಮಿಲಿಸೆಕೆಂಡಿಗೆ ಒಮ್ಮೆ ಮೂರು ಮಿಲಿಸೆಕೆಂಡ್ ಮಾತ್ರ ಅದು ಬಂದು ಹೋಗುತ್ತದೆ. ಮೀಟರ್ ಸರಾಸರಿ ತೆಗೆದು 0.1 ಎಂದು ತೋರಿಸುತ್ತದೆ. ಅದನ್ನು ನೋಡಿ 'ಸಿಗ್ನಲ್ ಇಲ್ಲ, ಇಸಿಎಂ ಹೋಗಿದೆ' ಅನ್ನುವವರಿದ್ದಾರೆ. ಎಲ್‌ಇಡಿ ಇರುವ ಟೆಸ್ಟ್ ಲ್ಯಾಂಪ್ ಆದರೆ ಮಿಣುಕುವುದು ಕಾಣುತ್ತದೆ. ಸರಿಯಾದ ಸಾಧನ ಆಸಿಲೋಸ್ಕೋಪ್. ಅಂಗೈಯಗಲದ ಸ್ಕೋಪ್‌ಗಳು ಈಗ ಸಿಗುತ್ತವೆ. ವೈರಿನ ಸುತ್ತ ಕರೆಂಟ್ ಕ್ಲಾಂಪ್ ಹಾಕಿ ನೋಡಿದರೆ ಒಳ್ಳೆಯ ಕಾಯಿಲ್‌ನಲ್ಲಿ ಕರೆಂಟ್ ಓರೆಯಾಗಿ ಏರುತ್ತಾ ಹೋಗಿ ತುದಿಯಲ್ಲಿ ಕಡಿದು ಬೀಳುತ್ತದೆ. ಪ್ರೈಮರಿಯೊಳಗೆ ಶಾರ್ಟ್ ಆಗಿದ್ದರೆ ಶುರುವಿನಲ್ಲೇ ಗೋಡೆಯಂತೆ ನೆಟ್ಟಗೆ ಜಿಗಿಯುತ್ತದೆ. ಕಾಯಿಲ್ ಬಿಚ್ಚದೆಯೇ ತೀರ್ಮಾನ.

ಇಸಿಎಂ ಬದಲಿಸಲು ಹೇಳಿದರೆ ಒಂದು ಹೆಜ್ಜೆ ಹಿಂದೆ ನಿಲ್ಲಿ. ಕಾಯಿಲ್‌ನಿಂದ ಇಸಿಎಂವರೆಗಿನ ತಂತಿ ಎಲ್ಲೂ ಕಡಿದಿಲ್ಲ, ಕಾರಿನ ಮೈಗೆ ತಾಗಿಲ್ಲ, ಇಸಿಎಂಗೆ ಸಪ್ಲೈ ಮತ್ತು ಅರ್ಥ್ ಎರಡೂ ಸರಿ ಇವೆ ಎಂದು ಅಳೆದು ತೋರಿಸಿದ ಮೇಲಷ್ಟೇ ಒಪ್ಪಬೇಕು. ಸ್ವಿಚ್ ಒಳಗಿರುವ ಇಸಿಎಂ ನಿಜವಾಗಿಯೂ ಸುಟ್ಟಿದ್ದರೆ ಬಹಳ ಸಲ ಅದನ್ನು ಸುಟ್ಟದ್ದು ಶಾರ್ಟ್ ಆದ ಕಾಯಿಲ್. ಆ ಕಾಯಿಲ್ ಇದ್ದಂತೆಯೇ ಹೊಸ ಇಸಿಎಂ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಎಲ್ಲ ಸಿಲಿಂಡರಿಗೂ ಒಟ್ಟಿಗೇ ಕಿಡಿ ಇಲ್ಲ, ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿಲ್ಲ ಅನ್ನುವುದು ಬೇರೆಯದೇ ಕಥೆ. ಮೂರು ಕಾಯಿಲ್ ಒಂದೇ ಬೆಳಗ್ಗೆ ಸಾಯುವುದಿಲ್ಲ. ಫ್ಯೂಸ್, ಮೇನ್ ರಿಲೇ, ಕ್ರ್ಯಾಂಕ್ ಸೆನ್ಸರ್, ಕೀಯ ಇಮೊಬಿಲೈಸರ್ ಈ ನಾಲ್ಕನ್ನು ನೋಡಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ವಾರಗಟ್ಟಲೆ ನಿಂತ ಕಾರಾದರೆ ಬಾನೆಟ್ ಎತ್ತಿ ಇಲಿ ಹಿಕ್ಕೆ ಇದೆಯೇ ನೋಡುವುದೂ ಪರೀಕ್ಷೆಯ ಭಾಗವೇ.

ಕಾಯಿಲ್ ನಿಜವಾಗಿ ಕೆಟ್ಟಿದ್ದರೂ ಅದು ತಾನಾಗಿ ಕೆಟ್ಟಿತೋ, ಕೆಡಿಸಿದ್ದು ಬೇರೆಯದೋ ಎಂದು ಕೇಳಬೇಕು. ಹೆಚ್ಚಿನ ಸಲ ಅಪರಾಧಿ ಪ್ಲಗ್. ಪ್ಲಗ್ ಸವೆದಂತೆ ಸಂದಿ ಅಗಲವಾಗುತ್ತದೆ, ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಕಾಯಿಲ್ ಪ್ರತಿ ಸಲವೂ ತನ್ನ ಮಿತಿಯ ಅಂಚಿಗೆ ಹೋಗುತ್ತದೆ. ಕೊನೆಗೊಮ್ಮೆ ಆ ವೋಲ್ಟೇಜ್ ಪ್ಲಗ್ ಬಿಟ್ಟು ಇನ್ಸುಲೇಷನ್ನನ್ನೇ ಸೀಳಿಕೊಂಡು ಹೋಗುತ್ತದೆ. ಸಿಎನ್‌ಜಿ ಕಾರುಗಳಲ್ಲಿ ಇದು ಇನ್ನೂ ಬೇಗ. ಸಿಎನ್‌ಜಿ ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಪೆಟ್ರೋಲಿನಲ್ಲಿ ಸರಿಯಾಗಿ ಓಡಿ ಗ್ಯಾಸಿಗೆ ಹಾಕಿದ ಕೂಡಲೇ ಮಿಸ್ ಹೊಡೆಯುತ್ತಿದ್ದರೆ, ಗ್ಯಾಸ್ ಕಿಟ್ ಬಿಚ್ಚುವ ಮುನ್ನ ಪ್ಲಗ್ ಮತ್ತು ಕಾಯಿಲ್ ನೋಡಿ. ಇನ್ನು ಎರಡನೇ ಕಾರಣ ಎಣ್ಣೆ ಮತ್ತು ನೀರು. ಪ್ಲಗ್ ಕೂರುವ ಗುಂಡಿಗೆ ಟ್ಯಾಪೆಟ್ ಕವರಿನ ಸೀಲ್ ಸೋರಿ ಆಯಿಲ್ ಇಳಿದಿದ್ದರೆ ಕಾಯಿಲ್‌ನ ರಬ್ಬರ್ ಬೂಟ್ ಊದಿ ಬಿರಿಯುತ್ತದೆ. ಸೀಲ್ ಬದಲಿಸದೆ ಹೊಸ ಕಾಯಿಲ್ ಹಾಕುವುದು ದುಡ್ಡನ್ನು ಆ ಗುಂಡಿಗೇ ಸುರಿದಂತೆ. ವಾಟರ್ ಸರ್ವೀಸಿನಲ್ಲಿ ಬಾನೆಟ್ ತೆಗೆಸಿ ಪ್ರೆಶರ್ ಗನ್ನಿನಿಂದ ಎಂಜಿನ್ ತೊಳೆಸುವವರಿಗೆ ನಾನು ಕೈಮುಗಿದು ಬೇಡವೆನ್ನುತ್ತೇನೆ. ಎಂಜಿನ್ ಫಳಫಳ ಹೊಳೆಯುತ್ತದೆ, ಮಾರನೆಯ ದಿನ ಟೋಯಿಂಗ್ ಗಾಡಿಗೆ ಫೋನ್ ಹೋಗುತ್ತದೆ. ಬೂಟ್ ಬಿರಿದಲ್ಲಿ ಕಿಡಿ ಪ್ಲಗ್ಗಿನ ಪಿಂಗಾಣಿಯ ಹೊರಮೈ ಮೇಲೆ ಹರಿದು ಪೆನ್ಸಿಲಿನಲ್ಲಿ ಗೀಚಿದಂಥ ಕಪ್ಪು ಗೆರೆ ಬಿಟ್ಟಿರುತ್ತದೆ. ಗೆರೆ ಕಂಡರೆ ಪ್ಲಗ್ ಮತ್ತು ಬೂಟ್ ಎರಡನ್ನೂ ಬದಲಿಸಿ. ಒಂದನ್ನು ಉಳಿಸಿಕೊಂಡರೆ ಅದು ಹೊಸದರ ಮೇಲೂ ಗೆರೆ ಎಳೆಯುತ್ತದೆ.

ಹಳೆಯ ಮೆಕ್ಯಾನಿಕ್‌ಗಳ ಒಂದು ಅಭ್ಯಾಸವನ್ನು ಈಗ ಬಿಡಿಸಬೇಕಿದೆ. ಓಡುತ್ತಿರುವ ಎಂಜಿನ್ನಿನಲ್ಲಿ ಕಾಯಿಲ್ ಎತ್ತಿ, ಬಾಡಿಯ ಹತ್ತಿರ ಹಿಡಿದು ಚಟಚಟ ಕಿಡಿ ಹಾರಿಸಿ ನೋಡುವುದು. ಅಂಬಾಸಿಡರಿನಲ್ಲಿ ಪ್ಲಗ್ ವೈರ್ ಎತ್ತಿ ಹೀಗೆ ನೋಡುವುದು ನಡೆಯುತ್ತಿತ್ತು. ಈಗ ಕೈಗೆ ಹೊಡೆಯುವುದು ಒಂದು ಅಪಾಯವಾದರೆ, ಹೋಗಲು ದಾರಿ ಕಾಣದ ಅಷ್ಟು ಸಾವಿರ ವೋಲ್ಟ್ ಕಾಯಿಲ್‌ನೊಳಗೇ ಒಡೆಯುವುದು, ಇಲ್ಲವೇ ಇಸಿಎಂಗೆ ಪೆಟ್ಟು ಕೊಡುವುದು ಇನ್ನೊಂದು. ಸ್ಪಾರ್ಕ್ ಟೆಸ್ಟರ್ ಎಂಬ ಸಣ್ಣ ಸಾಧನವೇ ಇದೆ, ಅದನ್ನು ಅರ್ಥ್‌ಗೆ ಸಿಕ್ಕಿಸಿ ನೋಡಬೇಕು. ನೋಡುವ ಸಿಲಿಂಡರಿನ ಇಂಜೆಕ್ಟರ್ ಕಪ್ಲರನ್ನೂ ತೆಗೆದಿರಬೇಕು. ಉರಿಯದ ಪೆಟ್ರೋಲ್ ಸುಮ್ಮನೆ ಹೊರಗೆ ಹೋಗುವುದಿಲ್ಲ, ಸೈಲೆನ್ಸರ್ ದಾರಿಯಲ್ಲಿರುವ ಕೆಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿಕೊಂಡು ಅಲ್ಲಿನ ಪಿಂಗಾಣಿ ಜೇನುಗೂಡನ್ನು ಕರಗಿಸುತ್ತದೆ. ಅದರ ಬೆಲೆ ಕೇಳಿದರೆ ಕಾಯಿಲ್‌ನ ಬೆಲೆ ಚಿಲ್ಲರೆ ಅನ್ನಿಸುತ್ತದೆ. ಎಂಜಿನ್ ದೀಪ ಸ್ಥಿರವಾಗಿ ಉರಿದರೆ ನಿಧಾನವಾಗಿ ಗ್ಯಾರೇಜ್ ಮುಟ್ಟಬಹುದು. ಮಿಣಮಿಣ ಮಿಣುಕುತ್ತಿದ್ದರೆ ಕನ್ವರ್ಟರಿಗೆ ಹಾನಿಯಾಗುವಷ್ಟು ಮಿಸ್ ಆಗುತ್ತಿದೆ ಎಂದೇ ಅರ್ಥ, ಪಕ್ಕಕ್ಕೆ ನಿಲ್ಲಿಸಿ. ಮನೆ ಇನ್ನು ಹತ್ತೇ ಕಿಲೋಮೀಟರ್ ಎಂಬ ಆಸೆ ದುಬಾರಿ ಬೀಳುತ್ತದೆ.

ಹೊಸ ಕಾಯಿಲ್ ಬೇಕೇ ಬೇಕಾದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಬೇಡಿ. ಅಲ್ಲಿ ಅಸಲಿ ಮಾರುವ ಒಳ್ಳೆಯ ಅಂಗಡಿಗಳು ಬೇಕಾದಷ್ಟಿವೆ, ಡೂಪ್ಲಿಕೇಟಿಗೂ ಬರವಿಲ್ಲ. ಡಬ್ಬಿಯ ಮೇಲಿನ ಪಾರ್ಟ್ ನಂಬರನ್ನು ಹಳೆಯ ಕಾಯಿಲ್ ಮೇಲಿನದಕ್ಕೆ ತಾಳೆ ನೋಡಿ. ನೋಡಲು ಒಂದೇ ಥರ ಇದ್ದು ಒಳಗಿನ ಸ್ವಿಚ್ ಬೇರೆ ಇರುವ ಕಾಯಿಲ್‌ಗಳಿವೆ. ರಿಪೇರಿ ಮುಗಿದ ಮೇಲೆ ಕೋಡ್ ಅಳಿಸಿಕೊಟ್ಟರೆಂದು ದುಡ್ಡು ಕೊಟ್ಟು ಬಂದುಬಿಡಬೇಡಿ. ಅಳಿಸಿದ ದೀಪ ಒಂದಷ್ಟು ದೂರ ಹೊತ್ತುವುದಿಲ್ಲ, ಸರಿಹೋಯಿತು ಅನ್ನಿಸುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಹಾಕಿ, ಮೊದಲು ಯಾವ ಏರಿನಲ್ಲಿ ಮುಗ್ಗರಿಸಿತ್ತೋ ಅಂಥದೇ ಏರಿನಲ್ಲಿ ಅದೇ ಗೇರಿನಲ್ಲಿ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ಬಂದು ಮತ್ತೊಮ್ಮೆ ಸ್ಕ್ಯಾನರ್ ಹಾಕಿಸಿ, ಖಚಿತವಾಗದೆ ಕಾದಿರುವ ಪೆಂಡಿಂಗ್ ಕೋಡ್ ಏನಾದರೂ ಇದೆಯೇ ನೋಡಿಸಿ. ಅದಲುಬದಲು ಪರೀಕ್ಷೆಯಲ್ಲಿ ಪಾಸಾದ ಹಳೆಯ ಕಾಯಿಲ್ ಕೈಯಲ್ಲಿದ್ದರೆ ಗುಜರಿಗೆ ಹಾಕದೆ, ಬಟ್ಟೆ ಸುತ್ತಿ, ಹತ್ತು ಎಂಎಂ ಸ್ಪ್ಯಾನರಿನ ಜೊತೆ ಡಿಕ್ಕಿಯಲ್ಲಿಡಿ.